ಸ್ಕ್ಯಾನ್ ನೋಡುವ ಮೊದಲು ಮನೆಯವರ ಮಾತು ಕೇಳಿ

ಕೋಲಾರ ಜಿಲ್ಲೆಯ ಮೂವರು ಓದುಗರು ವಯಸ್ಸಾದವರ ಮರೆವು ಮತ್ತು ಮಿದುಳಿನ ಸ್ಕ್ಯಾನ್ ಬಗ್ಗೆ ಕೇಳಿದ್ದಾರೆ. ಒಬ್ಬರು ಮಗ, ಒಬ್ಬರು ಯುವ ವೈದ್ಯೆ, ಇನ್ನೊಬ್ಬರು ಮಗಳು.

ಪ್ರಶ್ನೆ: ಅಮ್ಮನಿಗೆ 71 ವರ್ಷ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಎಂ.ಆರ್.ಐ. ಮಾಡಿಸಿದೆವು. ‘ವಯಸ್ಸಿಗೆ ತಕ್ಕಂತೆ ಮಿದುಳು ಕುಗ್ಗಿದೆ’ ಎಂದು ಬರೆದಿದ್ದಾರೆ. ಹಾಗಾದ್ರೆ ಇದು ಡಿಮೆನ್ಶಿಯಾನಾ? (ಮಾಲೂರು)

ಉತ್ತರ: ಡಿಮೆನ್ಶಿಯಾ ಅಂದರೆ ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟು ಮರೆವು, ಗೊಂದಲ. ಆ ಒಂದು ಸಾಲು ನೋಡಿ ಹಾಗೆ ಹೇಳೋಕೆ ಬರುವುದಿಲ್ಲ. ಅರವತ್ತು ದಾಟಿದ ಎಷ್ಟೋ ಜನರ ರಿಪೋರ್ಟಿನಲ್ಲಿ ಅದು ಇರುತ್ತದೆ. ಅವರು ಮನೆ, ತೋಟ, ಲೆಕ್ಕಪತ್ರ ಎಲ್ಲವನ್ನೂ ಚೆನ್ನಾಗಿಯೇ ನೋಡಿಕೊಂಡು ಹೋಗುತ್ತಿರುತ್ತಾರೆ.

ಸ್ಕ್ಯಾನ್ ಮಾಡಿಸುವುದಕ್ಕೆ ಮೊದಲ ಕಾರಣ ಬೇರೆಯೇ ಇದೆ. ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿದೆಯಾ, ಗಡ್ಡೆ ಇದೆಯಾ, ಮಿದುಳಿನಲ್ಲಿ ನೀರು ತುಂಬಿಕೊಂಡಿದೆಯಾ, ಗೊತ್ತಾಗದಂತೆ ಸಣ್ಣ ಸ್ಟ್ರೋಕ್ ಆಗಿದೆಯಾ ಅಂತ ನೋಡುವುದು. ಇವುಗಳಲ್ಲಿ ಕೆಲವಕ್ಕೆ ಒಳ್ಳೆ ಚಿಕಿತ್ಸೆ ಇದೆ. ಆಮೇಲೆ, ಎಲ್ಲಿ ಕುಗ್ಗಿದೆ ಅನ್ನುವುದು ಮುಖ್ಯ. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಉಳಿದ ಭಾಗಗಳಿಗಿಂತ ಜಾಸ್ತಿ ಕುಗ್ಗಿದ್ದರೆ, ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯ ಅನುಮಾನ ಬರುತ್ತದೆ. ಆಗಲೂ ಅದು ಅನುಮಾನ ಮಾತ್ರ.

ವೈದ್ಯರ ಹತ್ತಿರ ಹೋಗುವಾಗ ಫಿಲ್ಮಿನ ಜೊತೆ ಒಂದು ಚೀಟಿಯನ್ನೂ ತಗೊಂಡು ಹೋಗಿ. ಡೈರಿ ಹಾಲಿನ ದುಡ್ಡಿನ ಲೆಕ್ಕ ತಪ್ಪುತ್ತಾರಾ? ಒಲೆ ಮೇಲೆ ಇಟ್ಟದ್ದನ್ನು ಮರೆಯುತ್ತಾರಾ? ಗೊತ್ತಿರುವ ದಾರಿಯಲ್ಲೇ ದಿಕ್ಕು ತಪ್ಪಿದ್ದಾರಾ? ಇದೆಲ್ಲ ಶುರುವಾಗಿ ಎಷ್ಟು ದಿನವಾಯಿತು? ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಕಿವಿಯನ್ನೂ ತೋರಿಸಿ. ಸರಿಯಾಗಿ ಕೇಳಿಸದವರು ಮತ್ತೆ ಮತ್ತೆ ಕೇಳುವುದು ಸಹಜ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಮಿದುಳು ಆರೋಗ್ಯ ಯೋಜನೆ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಹಾಗಾಗಿ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಶ್ನೆ: ನಾನು ಮೆಡಿಸಿನ್ ಎಂ.ಡಿ. ಮುಗಿಸಿದ್ದೇನೆ. ಮಿದುಳಿನ ಸ್ಕ್ಯಾನ್ ಬಳಸಿ ಡಿಮೆನ್ಶಿಯಾ ಬಗ್ಗೆ ಸಂಶೋಧನೆ ಮಾಡುವ ಆಸೆ. ಇಲ್ಲಿ ಈ ವಿಷಯ ಬಲ್ಲ ಗೈಡ್ ಸಿಗುತ್ತಿಲ್ಲ. ಹೇಗೆ ಹುಡುಕಲಿ, ಏನು ಕಲಿಯಲಿ? (ಕೋಲಾರ)

ಉತ್ತರ: ಎಲ್ಲವನ್ನೂ ಕಲಿಸುವ ಒಬ್ಬರನ್ನು ಹುಡುಕಬೇಡಿ ತಾಯಿ. ಈ ಕೆಲಸಕ್ಕೆ ಮೂವರು ಬೇಕು. ರೋಗಿಯನ್ನು ನೋಡುವುದು ಕಲಿಸಲು ನರರೋಗ ಅಥವಾ ಮನೋರೋಗ ತಜ್ಞರು, ಚಿತ್ರ ಓದಲು ರೇಡಿಯಾಲಜಿಸ್ಟ್, ಲೆಕ್ಕಕ್ಕೆ ಸಂಖ್ಯಾಶಾಸ್ತ್ರ ಬಲ್ಲವರು. ಮೊದಲನೆಯವರು ನಿಮ್ಮ ಊರಿನಲ್ಲೇ ಇರಲಿ. ಉಳಿದಿಬ್ಬರು ಬೆಂಗಳೂರಿನಲ್ಲಿದ್ದರೂ ನಡೆಯುತ್ತದೆ.

ಒಪ್ಪಿಕೊಳ್ಳುವ ಮೊದಲು ಆ ಗೈಡ್‌ನ ಹಳೇ ವಿದ್ಯಾರ್ಥಿಗಳನ್ನು ಮಾತಾಡಿಸಿ. ವಾರಕ್ಕೊಮ್ಮೆಯಾದರೂ ಕೂತು ಮಾತಾಡುತ್ತಿದ್ದರಾ? ಕೆಲಸ ಮಾಡಿದವರ ಹೆಸರೇ ಪೇಪರಿನಲ್ಲಿ ಮೊದಲು ಬಂತಾ? ಫಲಿತಾಂಶ ಅಂದುಕೊಂಡ ಹಾಗೆ ಬರದಿದ್ದಾಗ ಏನಂದರು? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಗೈಡ್ ಎಂಥವರು ಅಂತ ಗೊತ್ತಾಗಿಬಿಡುತ್ತದೆ.

ನನ್ನ ಜೊತೆ ಕಲಿಯಲು ಬರುವವರನ್ನು ನಾನು ಮೊದಲು ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಓ.ಪಿ.ಡಿ.ಯಲ್ಲಿ ಕೂರಿಸುತ್ತೇನೆ. ಮನೆಯವರ ಮಾತು ಕೇಳಲು ಬಾರದವರು ಅಳೆದ ಹಿಪೊಕ್ಯಾಂಪಸ್‌ನಿಂದ ಯಾರಿಗೂ ಉಪಯೋಗವಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಂತೂ ಇದು ಇನ್ನೂ ಮುಖ್ಯ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಥ ಅಜ್ಜಿಯನ್ನು ಪುಸ್ತಕದ ಕನ್ನಡದಲ್ಲಿ ಪರೀಕ್ಷೆ ಮಾಡಿದರೆ ಅಂಕ ಕಡಿಮೆಯಾಗುವುದು ಭಾಷೆಯಿಂದ, ಕಾಯಿಲೆಯಿಂದಲ್ಲ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ ಶಾಲೆಗೇ ಹೋಗದವರು ಸುಮ್ನೆ ಕೂತುಬಿಡುತ್ತಾರೆ. ಅವರನ್ನೇ ಹದಿನೈದು ಕಿಲೋದ ಟೊಮೆಟೊ ಬಾಕ್ಸ್ ನಾನೂರಕ್ಕೆ ಹೋದರೆ ಆರು ಬಾಕ್ಸಿಗೆ ಎಷ್ಟಾಯಿತು ಅಂತ ಕೇಳಿ ನೋಡಿ. ಥಟ್ಟನೆ ಉತ್ತರ ಬರಬಹುದು. ಇಂಥ ಪ್ರಶ್ನೆ ಅಧಿಕೃತ ಪರೀಕ್ಷೆಗೆ ಬದಲಲ್ಲ. ಎದುರಿಗಿರುವವರು ಯಾರು ಎಂದು ತಿಳಿಯುವ ದಾರಿ ಅಷ್ಟೆ. ದಾಖಲೆಗೆ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ಭಾಷೆಗಳಿಗೆ ಸಿದ್ಧಪಡಿಸಿದ ಪರೀಕ್ಷೆಗಳಿವೆ, ಕನ್ನಡದಲ್ಲೂ ಇವೆ. ಅವನ್ನು ಕಲಿಯಿರಿ.

ಆಮೇಲೆ ಚಿತ್ರ. ರಿಪೋರ್ಟ್ ಮುಚ್ಚಿಡಿ, ಹೆಸರು ವಯಸ್ಸು ಕಾಣದ ಹಾಗೆ ಮಾಡಿಕೊಳ್ಳಿ. ಹಿಪೊಕ್ಯಾಂಪಸ್ ಸುತ್ತಲ ಕುಗ್ಗುವಿಕೆಗೆ 0ಯಿಂದ 4ರವರೆಗಿನ ಶೆಲ್ಟೆನ್ಸ್ ಅಂಕ, ಮಿದುಳಿನ ಸಣ್ಣ ರಕ್ತನಾಳಗಳು ಹಾಳಾದಾಗ ಸ್ಕ್ಯಾನ್‌ನಲ್ಲಿ ಕಾಣುವ ಬಿಳಿ ಮಚ್ಚೆಗಳಿಗೆ 0ಯಿಂದ 3ರವರೆಗಿನ ಫಜೇಕಾಸ್ ಅಂಕ ಕೊಡಿ. ಅಂಕ ಹೆಚ್ಚಾದಷ್ಟೂ ಹಾನಿ ಹೆಚ್ಚು. ಅದೇ ಚಿತ್ರಗಳಿಗೆ ಗೈಡ್ ಬೇರೆಯಾಗಿ ಅಂಕ ಕೊಡಲಿ. ಇಬ್ಬರದ್ದೂ ಕೂಡಿಬರುವ ತನಕ ಮಿದುಳನ್ನು ಅಳೆಯುವ ಸಾಫ್ಟ್‌ವೇರ್ ಮುಟ್ಟಬೇಡಿ. ಒಂದು ಅಪಾಯವನ್ನು ಮಾತ್ರ ಮರೆಯಬೇಡಿ: ಸ್ಕ್ಯಾನ್ ಆಗುವಾಗ ತಲೆ ಅಲುಗಾಡಿದರೆ ಮಿದುಳಿನ ಹೊರಪದರ ನಿಜಕ್ಕಿಂತ ತೆಳ್ಳಗೆ ಅಳತೆಗೆ ಸಿಗುತ್ತದೆ. ಮರೆವಿನ ಕಾಯಿಲೆ ಇರುವವರು ಅಲುಗಾಡುವುದು ಜಾಸ್ತಿ. ಅಂದರೆ ನೀವು ಕಂಡುಹಿಡಿದಿದ್ದು ಕಾಯಿಲೆಯೋ ಬರೀ ಅಲುಗಾಟವೋ ಗೊತ್ತಾಗದೇ ಹೋಗಬಹುದು.

ಹೀಗಾಗಿ ಸ್ಕ್ಯಾನ್ ಕೋಣೆಯ ಬಾಗಿಲಲ್ಲೂ ನೀವೇ ನಿಂತಿರಬೇಕು. ಲೋಹ ಒಳಗೆ ಹೋಗಬಾರದು, ಸರಿ. ಆದರೆ ಎಪ್ಪತ್ತರ ಮುತ್ತೈದೆಗೆ ತಾಳಿ ತೆಗೀರಿ ಅಂತ ಒರಟಾಗಿ ಹೇಳಿದರೆ ಆಕೆ ಗಾಬರಿಯಲ್ಲೇ ಮಲಗುತ್ತಾರೆ, ನಡುಗುತ್ತಾರೆ. ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಇಟ್ಟುಕೊಂಡಿರಿ. ಮೊದಲು ಅದನ್ನು ಹಾಕಿಸಿ, ಆಮೇಲೆ ತಾಳಿ ತೆಗೆಸಿ ಮಗಳ ಕೈಗೇ ಕೊಡಿ. ಮಿಷನ್ ಜೋರಾಗಿ ಬಡಿಯುವ ಸದ್ದು ಬರುತ್ತದೆ ಅಂತ ಮೊದಲೇ ಹೇಳಿ. ಒಳ್ಳೆ ಚಿತ್ರ ಬರುವುದು ಇದರಿಂದಲೇ.

ವಿಷಯ ಚಿಕ್ಕದಿರಲಿ. ಬಿ.ಪಿ. ಹತೋಟಿಯಲ್ಲಿ ಇಲ್ಲದವರಲ್ಲಿ ಬಿಳಿ ಮಚ್ಚೆ ಎಷ್ಟಿದೆ ಅನ್ನುವಂಥದ್ದು ಮೊದಲ ಅಧ್ಯಯನಕ್ಕೆ ಧಾರಾಳ ಸಾಕು.

ಪ್ರಶ್ನೆ: ಅಪ್ಪನಿಗೆ 58, ಏನೂ ಕಾಯಿಲೆ ಇಲ್ಲ. ಮಿದುಳಿನ ಅಧ್ಯಯನಕ್ಕೆ ಬನ್ನಿ ಅಂತ ಕರೆದಿದ್ದಾರೆ. ಆರೋಗ್ಯವಾಗಿರುವವರಿಗೆ ಸ್ಕ್ಯಾನ್ ಯಾಕೆ? ತೊಂದರೆ ಆಗಲ್ವಾ? (ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ನಿಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ದೊಡ್ಡ ಅಧ್ಯಯನ ನಡೆಸುತ್ತಿದೆ. ಹೆಸರು ಸ್ಯಾನ್ಸ್‌ಕಾಗ್. 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಆಲ್ಝೈಮರ್‌ನಲ್ಲಿ ಮರೆವು ಕಾಣಿಸಿಕೊಳ್ಳುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಲು ಶುರುವಾಗುತ್ತದೆ. ಅದಕ್ಕೇ ಆರೋಗ್ಯವಾಗಿರುವವರೇ ಬೇಕು.

ಎಂ.ಆರ್.ಐ.ನಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ. ಪೇಸ್‌ಮೇಕರ್, ಹಿಂದಿನ ಆಪರೇಷನ್‌ನಲ್ಲಿ ಹಾಕಿದ ಕ್ಲಿಪ್ಪು, ಕಣ್ಣಿಗೆ ಹೊಕ್ಕ ಕಬ್ಬಿಣದ ಚೂರು ಇದ್ದರೆ ತಪ್ಪದೇ ಮೊದಲೇ ಹೇಳಿ. ಪೆಟ್ ಸ್ಕ್ಯಾನ್ ಅಂದರೆ ಬೇರೆ. ಅದರಲ್ಲಿ ಸ್ವಲ್ಪ ವಿಕಿರಣ ಇರುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಯಾವುದು ಮಾಡುತ್ತೀರಿ ಅಂತ ಕೇಳಿ.

ಯಾವುದೇ ಅಧ್ಯಯನವಾಗಲಿ, ಸಹಿ ಹಾಕುವ ಮುಂಚೆ ಇನ್ನೊಂದನ್ನು ಕೇಳಿ: ಸ್ಕ್ಯಾನ್‌ನಲ್ಲಿ ಅಕಸ್ಮಾತ್ ಏನಾದರೂ ಕಂಡರೆ ನಮಗೆ ಯಾರು ಹೇಳುತ್ತಾರೆ, ಮುಂದೆ ಎಲ್ಲಿಗೆ ಕಳಿಸುತ್ತಾರೆ? ಅಪ್ಪನಿಗೆ ಓದು ಬರದಿದ್ದರೆ ಕಾಗದವನ್ನು ಪೂರ್ತಿ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸೇರದ ಒಬ್ಬರು ಸಾಕ್ಷಿ ಇರಬೇಕು. ನಡುವೆ ಬೇಡ ಅನ್ನಿಸಿದರೆ ಬಿಡಬಹುದು, ಅದರಿಂದ ಅವರ ಚಿಕಿತ್ಸೆಗೆ ಏನೂ ಅಡ್ಡಿಯಾಗುವಂತಿಲ್ಲ.

ಇಷ್ಟಕ್ಕೆಲ್ಲ ಸರಿಯಾದ ಉತ್ತರ ಸಿಕ್ಕಿದರೆ ಧೈರ್ಯವಾಗಿ ಕಳಿಸಿ. ಕೆಲವು ವರ್ಷ ಬಿಟ್ಟು ಮತ್ತೆ ಕರೆದಾಗಲೂ ಕಳಿಸಿ. ಅಪ್ಪನ ಮಿದುಳು ಎಷ್ಟು ಬದಲಾಗಿದೆ ಅಂತ ತಿಳಿಯುವುದು ಅವರದೇ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.