ತರಬೇತಿ ಪಡೆದ ಪೊಲೀಸರ ಕೈಯಲ್ಲೂ ಪಿಸ್ತೂಲು ಸ್ವಚ್ಛ ಮಾಡುವಾಗ ಗುಂಡು ಹಾರುವುದು ಹೇಗೆ?

ಹೆಚ್ಚಾಗಿ ಪಿಸ್ತೂಲು ತಾನಾಗಿ ಸಿಡಿಯುವುದಿಲ್ಲ. ಖಾಲಿ ಇದೆ ಎಂದು ನಂಬಿ ಅವರೇ ಟ್ರಿಗರ್ ಎಳೆದಿರುತ್ತಾರೆ.

ಗುಂಡು ತುಂಬಿದ ಮ್ಯಾಗಜೀನ್ ತೆಗೆದರೂ ನಳಿಗೆಯ ಹಿಂದಿನ ಗೂಡಿನಲ್ಲಿ, ಅಂದರೆ ಚೇಂಬರ್‌ನಲ್ಲಿ, ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಮೇಲಿನ ಸ್ಲೈಡ್ ಹಿಂದಕ್ಕೆಳೆದರೆ ಅದು ಹೊರಬೀಳುತ್ತದೆ. ಈ ಕ್ರಮ ತಿರುಗುಮುರುಗಾದರೆ? ಹಳೇ ಗುಂಡು ಹೊರಗೆ ಬೀಳುತ್ತದೆ, ಮ್ಯಾಗಜೀನ್‌ನಿಂದ ಹೊಸದು ಚೇಂಬರ್‌ಗೆ ಏರುತ್ತದೆ. ಗುಂಡು ಬಿದ್ದಿದ್ದು ಕಂಡಿತು, ಮ್ಯಾಗಜೀನೂ ಕೈಯಲ್ಲಿದೆ, ಇನ್ನೇನು ಅನುಮಾನ ಅನಿಸಿಬಿಡುತ್ತದೆ. ಹಲವು ದೇಶಗಳ ಪೊಲೀಸರು ಬಳಸುವ ಗ್ಲಾಕ್ ಪಿಸ್ತೂಲಿನಲ್ಲಂತೂ ಭಾಗಗಳನ್ನು ಬಿಚ್ಚುವ ಮೊದಲು ಟ್ರಿಗರ್ ಎಳೆಯಲೇಬೇಕು.

ಸಾವಿರ ಸಲ ಮಾಡಿದ ಕೆಲಸ ಅಲ್ವಾ, ಕೈ ಓಡುತ್ತದೆ, ಗಮನ ಬೇರೆಲ್ಲೋ ಇರುತ್ತದೆ. ಅದಕ್ಕೇ ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳಿಟ್ಟು ಮುಟ್ಟಿಯೂ ನೋಡಿ ಎಂದು ಕಲಿಸುತ್ತಾರೆ.