ಫೋಲ್ಡಿಂಗ್ ಚಾಕುನ ಜೇಬಲ್ಲಿ ಇಟ್ಕೊಳ್ಳುವಾಗ ಬ್ಲೇಡಿನ ತುದಿ ಮೇಲಿರ್ಬೇಕಾ ಕೆಳಗಿರ್ಬೇಕಾ?

ಜೇಬಿಗೆ ಸಿಕ್ಕಿಸೋ ಕ್ಲಿಪ್ ಇರೋ ಚಾಕು ಆದ್ರೆ ನನ್ನ ವೋಟು ತುದಿ ಮೇಲ್ಮುಖಕ್ಕೇ, ಯಾಕಂದ್ರೆ ಜೇಬಿಂದ ತೆಗೆದಾಗ ಹೆಬ್ಬೆರಳು ನೇರ ಬ್ಲೇಡ್ ತೆರೆಯೋ ಜಾಗಕ್ಕೇ ಬರುತ್ತೆ, ಕೈಯಲ್ಲಿ ತಿರುಗಿಸೋ ತಾಪತ್ರಯ ಇಲ್ಲ. ಆದ್ರೆ ಇದ್ರಲ್ಲೇ ಒಂದು ಅಪಾಯನೂ ಇದೆ, ಬ್ಲೇಡ್ ಜೇಬೊಳಗೆ ಸ್ವಲ್ಪ ತೆರ್ಕೊಂಡ್ರೂ ಕೈ ಹಾಕಿದ ತಕ್ಷಣ ಬೆರಳು ಕುಯ್ಯುತ್ತೆ. ಅದಕ್ಕೆ ಬ್ಲೇಡಿನ ಬೆನ್ನು (ಹರಿತ ಇಲ್ದಿರೋ ಬದಿ) ಪ್ಯಾಂಟಿನ ಸೈಡ್ ಹೊಲಿಗೆಗೆ ಒತ್ಕೊಂಡು ಕೂರೋ ಹಾಗೆ ಜೇಬಿನ ಹಿಂಬದಿ ಮೂಲೆಗೆ ಸಿಕ್ಕಿಸಿ, ಹೊಲಿಗೇನೇ ಅದನ್ನ ತೆರೆಯೋಕೆ ಬಿಡಲ್ಲ. ಲೂಸ್ ಪ್ಯಾಂಟ್ ಆದ್ರೆ ಅಥವಾ ಬ್ಲೇಡ್ ಸಡಿಲ ಇದ್ರೆ ತುದಿ ಕೆಳಗೇ ಇರ್ಲಿ. ಓಪಿನೆಲ್ (ಮರದ ಹಿಡಿಯ ಫ್ರೆಂಚ್ ಚಾಕು) ತರ ಕ್ಲಿಪ್ಪೇ ಇಲ್ದಿರೋದಾದ್ರೆ, ಬ್ಲೇಡಿನ ಬುಡದಲ್ಲಿ ಲಾಕ್ ರಿಂಗ್ ಇದ್ರೆ ಮಡಚಿದ ಮೇಲೆ ಅದನ್ನ ತಿರುಗಿಸಿ ಲಾಕ್ ಮಾಡಿ (ಹಳೇ ಮಾಡೆಲ್‌ಗಳಲ್ಲಿ ತೆರೆದಾಗ ಮಾತ್ರ ಲಾಕ್ ಆಗುತ್ತೆ, ನೋಡ್ಕೊಳ್ಳಿ), ಕೀ ಚಿಲ್ಲರೆ ಇರೋ ಜೇಬಿಗಂತೂ ಹಾಕ್ಬೇಡಿ. ಫ್ಲೈಟ್ ಇದ್ರೆ ಚೆಕ್-ಇನ್ ಬ್ಯಾಗಿಗೆ, ಇಲ್ಲಾಂದ್ರೆ ಸೆಕ್ಯೂರಿಟಿಯವ್ರು ಇಸ್ಕೋತಾರೆ.