ಪಟ್ಟಿ ಬಿಡಿ, ಮೃದ್ವಸ್ಥಿ ಹಿಡಿಯಿರಿ

ನಮಸ್ಕಾರ.

ಸಂಯೋಜಕ ಅಂಗಾಂಶಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭಾಷೆ ತಿಳಿಯಾಗಿದೆ, ಸಾಕಷ್ಟು ಓದಿಕೊಂಡಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಆದರೆ ರಕ್ತ, ಮೂಳೆ, ಕೊಬ್ಬು, ಸ್ನಾಯುರಜ್ಜು, ಮೃದ್ವಸ್ಥಿ (ಮೂಳೆಗಿಂತ ಮೆತ್ತಗಿನ, ಬಾಗಬಲ್ಲ ಅಂಗಾಂಶ, ಕಾರ್ಟಿಲೇಜ್) ಎಂದು ಒಂದೊಂದಕ್ಕೂ ನಾಲ್ಕು ಸಾಲು ಕೊಟ್ಟು ಮುಂದೆ ಹೋಗಿದ್ದೀರಿ. ಪರೀಕ್ಷೆಯ ಹಿಂದಿನ ರಾತ್ರಿಗೆ ಇಷ್ಟು ಸಾಕು, ಪತ್ರಿಕೆಗೆ ಸಾಲದು.

ಹರಿಯುವ ರಕ್ತವೂ ಗಟ್ಟಿ ಮೂಳೆಯೂ ಒಂದೇ ಗುಂಪಿಗೆ ಹೇಗೆ ಸೇರಿದವು ಎಂದು ಓದುಗರು ಮೊದಲಿಗೇ ಕೇಳುತ್ತಾರೆ. ಲೇಖನದಲ್ಲಿ ಉತ್ತರವಿಲ್ಲ. ಈ ಅಂಗಾಂಶಗಳಲ್ಲಿ ಸಾಮಾನ್ಯವಾಗಿ ಜೀವಕೋಶಗಳು ದೂರದೂರ ಇರುತ್ತವೆ; ನಡುವೆ ತುಂಬಿರುವ ವಸ್ತುವಿನಿಂದಲೇ, ಅಂದರೆ ಮಾತೃಕೆಯಿಂದಲೇ, ಅಂಗಾಂಶಕ್ಕೆ ಅದರ ಗುಣ ಬರುತ್ತದೆ. ಮಾತೃಕೆ ದ್ರವವಾಗಿದ್ದರೆ ರಕ್ತ, ಕ್ಯಾಲ್ಸಿಯಂ ಲವಣಗಳಿಂದ ಗಟ್ಟಿಯಾದರೆ ಮೂಳೆ, ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಒತ್ತಾಗಿ ಸಾಲುಗಟ್ಟಿದರೆ ಸ್ನಾಯುರಜ್ಜು. (ಕೊಬ್ಬು ಇದಕ್ಕೆ ಹೊರತು. ಅಲ್ಲಿ ಕೋಶಗಳೇ ಒತ್ತೊತ್ತಾಗಿ ಕೂತಿರುತ್ತವೆ.)

ಸ್ನಾಯುರಜ್ಜು ಮೂಳೆಗೆ ಮೂಳೆಯನ್ನು ಕಟ್ಟುತ್ತದೆ ಎಂದು ಬರೆದಿದ್ದೀರಿ. ತಪ್ಪು. ಅದು ಅಸ್ಥಿರಜ್ಜುವಿನ ಕೆಲಸ. ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಹಿಮ್ಮಡಿಯ ಮೇಲ್ಗಡೆ ಬೆರಳಿಗೆ ಸಿಗುವ ದಪ್ಪ ಹುರಿ ಅದೇ.

ನಿಮ್ಮ ನಿಜವಾದ ಲೇಖನ ಒಂದು ಆವರಣದೊಳಗೆ ಅಡಗಿ ಕೂತಿದೆ: 'ಮೃದ್ವಸ್ಥಿಗೆ ರಕ್ತನಾಳಗಳಿಲ್ಲ'. ಇದನ್ನು ಹೇಳಿ ಬಿಟ್ಟೇಬಿಟ್ಟಿರಲ್ಲ! ರಕ್ತವಿಲ್ಲದೆ ಅದರ ಕೋಶಗಳು ಬದುಕುವುದು ಹೇಗೆ? ಕೀಲುಗಳಲ್ಲಿ ಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿ ಹೊದಿಕೆಯಿದೆ. ತೂಕದಲ್ಲಿ ಹೆಚ್ಚಿನ ಪಾಲು ನೀರು. ನಡೆಯುವಾಗ ಒತ್ತಡ ಬಿದ್ದರೆ ಸ್ವಲ್ಪ ನೀರು ಹೊರಗೆ ಬರುತ್ತದೆ, ಒತ್ತಡ ತಗ್ಗಿದಾಗ ಕೀಲಿನ ದ್ರವ ಒಳಗೆ ಸೇರುತ್ತದೆ. ಆ ದ್ರವದಿಂದ ಇಳಿದು ಬರುವ ಪೋಷಕಾಂಶಗಳೇ ಕೋಶಗಳಿಗೆ ಆಧಾರ. ನರಗಳೂ ಇಲ್ಲ, ಆದ್ದರಿಂದ ಸವೆತ ಶುರುವಾದಾಗ ನೋವು ಗೊತ್ತಾಗದೇ ಹೋಗಬಹುದು. ಗಾಯವೂ ಸುಲಭಕ್ಕೆ ಮಾಯುವುದಿಲ್ಲ. ಮಂಡಿಯೊಳಗೆ ಮೆತ್ತೆಯಂತಿರುವ ಮೃದ್ವಸ್ಥಿ, ಮೆನಿಸ್ಕಸ್ ನೋಡಿ: ವಯಸ್ಕರಲ್ಲಿ ಅದರ ಹೊರ ಅಂಚಿಗಷ್ಟೇ ರಕ್ತ ಸಿಗುತ್ತದೆ. ಅಲ್ಲಿ ಹರಿದರೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು, ಒಳ ಅಂಚಿನಲ್ಲಿ ಕಡಿಮೆ. ಇಂಥದ್ದನ್ನು ಬರೆಯಿರಿ.

ಮೃದ್ವಸ್ಥಿಯ ಮೂರು ವಿಧಗಳಿಗೆ ಕೋಷ್ಟಕ ಬೇಡ. ಕಿವಿಯ ಮೇಲ್ಭಾಗವನ್ನು ಮಡಚಿ ಬಿಡಲು ಓದುಗರಿಗೆ ಹೇಳಿ. ತಟ್ಟನೆ ಹಳೆಯ ಆಕಾರಕ್ಕೆ ಬರುತ್ತದೆ. ಅದು ಹಿಗ್ಗುವ ಎಳೆಗಳಿರುವ ವಿಧ. ಶ್ವಾಸನಾಳ ಕುಸಿಯದಂತೆ ತಡೆಯುವ, ಹಿಂಬದಿಯಲ್ಲಿ ತೆರೆದಿರುವ ಉಂಗುರಗಳು ನುಣುಪಾದ ಗಾಜಿನಂಥ ವಿಧ. ಕೀಲಿನ ಹೊದಿಕೆಯೂ ಅದೇ. ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳಲ್ಲಿ ಒತ್ತಡ ತಡೆಯಬಲ್ಲ ದಪ್ಪ ಕೊಲ್ಯಾಜೆನ್ ಕಟ್ಟುಗಳಿರುವ ಮೂರನೆಯ ವಿಧ.

ಕೊಲ್ಯಾಜೆನ್ ಪುಡಿ ತಿಂದರೆ ಮಂಡಿಯ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂಬ ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿ. ಅದು ಜಾಹೀರಾತಿನ ಮಾತು. ತಿಂದ ಕೊಲ್ಯಾಜೆನ್ ಜೀರ್ಣವಾಗಿ ಚಿಕ್ಕ ತುಣುಕುಗಳಾಗುತ್ತದೆ, ನೆಟ್ಟಗೆ ಮಂಡಿಗೆ ಹೋಗಿ ಕೂರುವುದಿಲ್ಲ. ಆ ಜಾಗದಲ್ಲಿ ಸ್ಕರ್ವಿ ರೋಗವನ್ನು ತನ್ನಿ: ವಿಟಮಿನ್ ಸಿ ಇಲ್ಲದೆ ದೇಹ ಗಟ್ಟಿ ಕೊಲ್ಯಾಜೆನ್ ಕಟ್ಟಲಾರದು, ಒಸಡಿನಲ್ಲಿ ರಕ್ತ ಬರುತ್ತದೆ, ಮಾಯ್ದ ಗಾಯಗಳೂ ಬಿಚ್ಚಿಕೊಳ್ಳಬಹುದು.

ಎಂಟುನೂರು ಪದ ಮೀರದಂತೆ ತಿದ್ದಿ ಕಳಿಸಿ. ಜೊತೆಗೆ ಮಂಡಿಯ ಒಂದು ಚಿತ್ರವಿರಲಿ, ಕೈಯಲ್ಲೇ ಬರೆದದ್ದಾದರೂ ಪರವಾಗಿಲ್ಲ. ಇಂಟರ್ನೆಟ್‌ನಿಂದ ಎತ್ತಿದ್ದು ಬೇಡ.